ಮಗುವಿನ ರಿಪೋರ್ಟಿನಲ್ಲಿ ‘ಎಚ್’ ಇದ್ದರೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತಾಯಂದಿರು ಮಗುವಿನ ರಕ್ತದ ರಿಪೋರ್ಟ್ ತಂದರೆ ಮೊದಲು ತೋರಿಸುವುದು ಲಿಂಫೋಸೈಟ್ ಎದುರಿನ ‘ಎಚ್’ ಅಕ್ಷರವನ್ನು. ಹೆದರುವ ಮೊದಲು ಪಕ್ಕದ ಅಂಕಿ ಓದಿ. ಶೇ. 20–40 ಎಂದಿದ್ದರೆ ಅದು ದೊಡ್ಡವರ ಅಳತೆ. ವರ್ಷದ ಮಗುವಿಗೆ ಶೇ. 60 ಕೂಡ ಸಹಜ. ನಾಲ್ಕೈದು ವರ್ಷದ ನಂತರವೇ ನ್ಯೂಟ್ರೋಫಿಲ್ ಮುಂದಾಗುತ್ತದೆ. ವಯಸ್ಸಿಗೊಂದು ಮಿಜಾಜ್ ಎನ್ನುತ್ತದೆ ಯುನಾನಿ; ರಕ್ತದ್ದೂ ಹಾಗೆಯೇ.

ಸಹಜ ಅಳತೆಯೆಂದರೆ ಅದೇ ವಯಸ್ಸಿನ ಆರೋಗ್ಯವಂತರಲ್ಲಿ ನಡುವಿನ ಶೇ. 95 ಮಂದಿಯ ಅಂಕಿ. ಆದ್ದರಿಂದ ಗಟ್ಟಿಮುಟ್ಟಾದ ಕೆಲವು ಮಕ್ಕಳೂ ಅದರ ಹೊರಗೆ ಬೀಳುತ್ತಾರೆ.

ಲ್ಯಾಬ್‌ನಲ್ಲಿ ಮಗುವಿನ ವಯಸ್ಸನ್ನು ತಿಂಗಳ ಲೆಕ್ಕದಲ್ಲಿ ಬರೆಸಿ. ‘ಎಚ್’ ಕಂಡ ಮಾತ್ರಕ್ಕೆ ಮೆಡಿಕಲ್‌ನಿಂದ ಆ್ಯಂಟಿಬಯೋಟಿಕ್ ತಂದು ಕುಡಿಸಬೇಡಿ. ಆದರೆ ಜ್ವರ ಇಳಿಯದಿದ್ದರೆ, ಮಗು ಬಿಳಿಚಿಕೊಂಡರೆ, ಪೆಟ್ಟಾಗದೆಯೂ ಮೈಮೇಲೆ ನೀಲಿ ಕಲೆ ಎದ್ದರೆ ಅಂಕಿ ಏನೇ ಇರಲಿ, ಅಂದೇ ಮಕ್ಕಳ ವೈದ್ಯರಿಗೆ ತೋರಿಸಿ.