ಹಲಗೂರಿನ ಕಬ್ಬಿಣದ ಒಗಟು

ಡ್ರ್ಯಾಗನ್ ಸೀರೀಸ್ ನೋಡಿ ರಾತ್ರಿಯೆಲ್ಲ ಥಿಯರಿ ಕಟ್ತೀರಲ್ಲ, ಒಂದ್ಸಲ ಮಳವಳ್ಳಿ ಕಡೆ ಬನ್ನಿ. ನೀಲಗಾರರು ತಂಬೂರಿ ಹಿಡಿದು ಹಾಡೋ ಮಂಟೇಸ್ವಾಮಿ ಕಾವ್ಯದಲ್ಲಿ ಗುರು ಮಂಟೇಸ್ವಾಮಿಯೇ ಒಗಟು! ಕಲ್ಯಾಣಕ್ಕೆ ಹೋಗಿ ಬಸವಣ್ಣನ ಶರಣರನ್ನೇ ಪರೀಕ್ಷೆ ಮಾಡ್ತಾರೆ. ಬಸವಣ್ಣನ ಕಾಲ 12ನೇ ಶತಮಾನ. ಆದ್ರೆ ಬೊಪ್ಪೇಗೌಡನಪುರದಲ್ಲಿ ಗದ್ದುಗೆ ಇರೋ ಮಂಟೇಸ್ವಾಮಿಯನ್ನ ಹಲವು ಸಂಶೋಧಕರು ಇಡೋದು ಶತಮಾನಗಳ ಆಮೇಲೆ. ಹಂಗಾದ್ರೆ ಯಾರಿವರು? ಅಲ್ಲಮಪ್ರಭುವೇ ಅನ್ನೋದು ಒಂದು ವಾದ.

ನನ್ನ ಕಾಡೋದು ಮಾತ್ರ ಅದೇ ಕಾವ್ಯದ ಹಲಗೂರಿನ ಕಥೆ. ಕಬ್ಬಿಣದ ಭಿಕ್ಷೆಗೆ ಅಲ್ಲಿಗೆ ಹೋದ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಗೆ ಕುಲುಮೆ ನಡೆಸೋ ಪಾಂಚಾಳರು ವಿಷ ಕೊಡ್ತಾರೆ. ಕುಡಿದು ಅರಗಿಸಿಕೊಳ್ತಾರೆ! ಸರಿ, ರಾಗಿ ಬಿಟ್ಟು ಕಬ್ಬಿಣನೇ ಯಾಕೆ ಕೇಳಿದ್ರು? ನನ್ನ ಥಿಯರಿ ಕೇಳಿ: ನೇಗಿಲ ಕುಳ, ಕುಡುಗೋಲು, ಕತ್ತಿ ಎಲ್ಲಾ ಹುಟ್ಟೋದು ಕುಲುಮೇಲಿ. ಕುಲುಮೆ ಯಾರದೋ ಊರೂ ಅವರದೇ. ಒಪ್ಪಲ್ವಾ? ಜನವರಿ ಹುಣ್ಣಿಮೆಗೆ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆ, ನೀಲಗಾರರನ್ನೇ ಕೇಳೋಣ ಬನ್ನಿ.