ಕಾರ್ಯದಿಂದ ಕಾರಣಕ್ಕೆ

ಕಾಗೆ ಬಂದು ಕೂಡುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತು. ಹಣ್ಣು ಬಿದ್ದದ್ದು ಕಾಗೆಯಿಂದಲೇ? ನಮ್ಮ ಹಿಂದಿನವರು ಇದನ್ನು ಕಾಕತಾಳೀಯ ನ್ಯಾಯವೆಂದು ಕರೆದು, ಜೊತೆಯಲ್ಲಿ ನಡೆದದ್ದೆಲ್ಲ ಕಾರಣವಾಗದೆಂದು ಎಚ್ಚರಿಸಿದರು. ಆ ಎಚ್ಚರವನ್ನು ಅಭ್ಯಾಸ ಮಾಡಿಸುವ ಕಂಪ್ಯೂಟರ್ ಆಟವೊಂದಿದೆ ಎಂದರೆ ಕೇಳುಗರಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು.

1993ರಲ್ಲಿ ಅಮೆರಿಕದ ಡೈನಮಿಕ್ಸ್ ಸಂಸ್ಥೆ ಹೊರತಂದ ಆ ಆಟದ ಹೆಸರು ‘ದಿ ಇನ್‌ಕ್ರೆಡಿಬಲ್ ಮೆಷಿನ್’. ಅತಿ ಸುಲಭವಾದ ಕೆಲಸವನ್ನು ಅತಿ ಬಳಸುದಾರಿಯಲ್ಲಿ ಸಾಧಿಸುವ ವಿಚಿತ್ರ ಯಂತ್ರಗಳನ್ನು ಚಿತ್ರಿಸಿ ಜನರನ್ನು ನಗಿಸಿದ ವ್ಯಂಗ್ಯಚಿತ್ರಕಾರ ರೂಬ್ ಗೋಲ್ಡ್‌ಬರ್ಗ್ (1883–1970) ಅವರ ಪರಂಪರೆಗೆ ಸೇರಿದ ಆಟವಿದು. ಪ್ರತಿಯೊಂದು ಹಂತದಲ್ಲಿಯೂ ಒಂದು ಗುರಿ. ಕದಲಿಸಲಾಗದ ಕೆಲವು ವಸ್ತುಗಳು. ನಾವು ಬೇಕಾದೆಡೆ ಇಡಬಹುದಾದ ಹಗ್ಗ, ರಾಟೆ, ಬಲೂನು, ಏರಿಳಿಯುವ ಹಲಗೆ ಮೊದಲಾದವು. ಜೋಡಿಸಿ ಯಂತ್ರವನ್ನು ನಡೆಯಬಿಟ್ಟ ಮೇಲೆ ನಾವು ನಡುವೆ ಕೈಹಾಕುವಂತಿಲ್ಲ.

ಚೆಂಡೊಂದು ಬುಟ್ಟಿಗೆ ಬೀಳಬೇಕೆಂದು ಇಟ್ಟುಕೊಳ್ಳೋಣ. ಮೊದಲಿನಿಂದ ಹೊರಟರೆ ದಾರಿಗಳು ನೂರು. ಕೊನೆಯಿಂದ ಹಿಂದಕ್ಕೆ ನಡೆದರೆ ಪ್ರಶ್ನೆಗಳು ಒಂದೊಂದಾಗಿ ಬರುತ್ತವೆ. ಚೆಂಡು ಬುಟ್ಟಿಯತ್ತ ಸಾಗಲು ಅದರ ಕೆಳಗಿನ ಸಾಗುಪಟ್ಟಿ ತಿರುಗಬೇಕು. ಪಟ್ಟಿ ತಿರುಗಲು, ಬೆಲ್ಟಿನ ಇನ್ನೊಂದು ತುದಿಯಲ್ಲಿರುವ ಪಂಜರದ ಇಲಿ ಓಡಬೇಕು. ಇಲಿ ಓಡಲು ಪಂಜರಕ್ಕೆ ಏನಾದರೂ ತಗುಲಬೇಕು. ಹಾಗಾದರೆ ಮೇಲಿನಿಂದ ಬೀಳುವ ಮತ್ತೊಂದು ಚೆಂಡಿನ ದಾರಿಯಲ್ಲಿ ಪಂಜರವನ್ನಿಡಬೇಕು. ಕಾರ್ಯದಿಂದ ಕಾರಣಕ್ಕೆ, ಆ ಕಾರಣದಿಂದ ಅದರ ಕಾರಣಕ್ಕೆ.

ಯತ್ನ ಸೋತರೆ ಎಲ್ಲವನ್ನೂ ಕಿತ್ತುಹಾಕಬಾರದು. ಸರಪಳಿ ಯಾವ ಕೊಂಡಿಯಲ್ಲಿ ಕಡಿಯಿತೆಂದು ನೋಡಿ ಅದೊಂದನ್ನೇ ಬದಲಿಸಬೇಕು. ಎರಡನ್ನು ಒಮ್ಮೆಗೇ ಬದಲಿಸಿದರೆ, ಗೆದ್ದರೂ ಏತರಿಂದ ಗೆದ್ದೆವೆಂದು ತಿಳಿಯದು. ಈ ಆಟದ ಲೆಕ್ಕಾಚಾರದಲ್ಲಿ ಆಕಸ್ಮಿಕಕ್ಕೆ ಎಡೆಯಿಲ್ಲ. ಒಂದೇ ಜೋಡಣೆಯನ್ನು ಎಷ್ಟು ಸಲ ನಡೆಸಿದರೂ ಒಂದೇ ಫಲ. ಆದ್ದರಿಂದ ಸಂಶಯ ಬಂದ ವಸ್ತುವನ್ನು ತೆಗೆದಿಟ್ಟು ಮತ್ತೆ ನಡೆಸಬಹುದು. ಅದಿಲ್ಲದೆಯೂ ಚೆಂಡು ಬುಟ್ಟಿಗೆ ಬಿದ್ದರೆ, ಅದು ಅಲ್ಲಿ ಇತ್ತು, ಅಷ್ಟೆ.

ಇಂಥದನ್ನು ನಮ್ಮ ನೈಯಾಯಿಕರು ‘ಅನ್ಯಥಾಸಿದ್ಧ’ವೆಂದರು. ಮಡಕೆಗೆ ಕುಂಬಾರನು ಕಾರಣ, ಚಕ್ರ ಕಾರಣ, ಚಕ್ರ ತಿರುಗಿಸುವ ಕೋಲೂ ಕಾರಣ. ಕೋಲಿನ ಬಣ್ಣ ಕಾರಣವಲ್ಲ, ಕುಂಬಾರನ ತಂದೆ ಕಾರಣನಲ್ಲ, ಮಣ್ಣು ಹೊತ್ತು ತಂದ ಕತ್ತೆಯೂ ಕಾರಣವಲ್ಲ; ಮಣ್ಣು ಗಾಡಿಯಲ್ಲಿ ಬಂದರೂ ಮಡಕೆ ಮಡಕೆಯೇ.

ಬದುಕಿನಲ್ಲಿ ಹೀಗೆ ತೆಗೆದಿಟ್ಟು ನೋಡುವ ಅನುಕೂಲವಿಲ್ಲ. ಸೊಸೆ ಮನೆ ತುಂಬಿದ ತಿಂಗಳಲ್ಲೇ ಮಾವ ತೀರಿಕೊಂಡರೆ ಅವಳ ಕಾಲ್ಗುಣವೆನ್ನುತ್ತಾರೆ. ಅವಳು ಬಾರದಿದ್ದರೆ ಅವರು ಉಳಿಯುತ್ತಿದ್ದರೇ ಎಂದು ಯಾರೂ ಕೇಳುವುದಿಲ್ಲ. ಹತ್ತು ವರ್ಷದ ಹೃದ್ರೋಗ ಮರೆತುಹೋಗಿ, ನಿನ್ನೆ ಬಂದ ಹೆಣ್ಣುಮಗಳು ಕಣ್ಣಿಗೆ ಬೀಳುತ್ತಾಳೆ. ಆ ಒಂದು ಮಾತು ಅವಳನ್ನು ಬಾಳಿಡೀ ಹಿಂಬಾಲಿಸುತ್ತದೆ. ಯಂತ್ರವನ್ನು ಮರಳಿ ನಡೆಸಲಾಗದ ಕಡೆ, ಮನಸ್ಸಿನಲ್ಲಾದರೂ ಕಾಗೆಯನ್ನು ಎಬ್ಬಿಸಿ ನೋಡಬೇಕು. ಹಣ್ಣು ಆಗಲೂ ಬೀಳುವುದಾದರೆ ಕಾಗೆಗೆ ಕಲ್ಲೆಸೆಯುವ ಹಕ್ಕು ನಮಗಿಲ್ಲ.