ಪ್ಲಾಸ್ಟಿಕ್ ಕಸದ ಎಣ್ಣೆ ಡೀಸೆಲ್ ಎಂಜಿನಿಗೆ ಒಗ್ಗೀತೆ?

ಹಿಂದೂಪುರದಿಂದ ಮಡಕಶಿರಾ, ಪಾವಗಡಗಳ ಮಾರ್ಗವಾಗಿ ಕಲ್ಯಾಣದುರ್ಗಕ್ಕೆ ಹೋಗುವವರು ರಾಜ್ಯದ ಗಡಿಯನ್ನು ಎರಡು ಬಾರಿ ದಾಟುತ್ತಾರೆ: ಆಂಧ್ರದಿಂದ ಕರ್ನಾಟಕಕ್ಕೆ, ಕರ್ನಾಟಕದಿಂದ ಮರಳಿ ಆಂಧ್ರಕ್ಕೆ. ಗಡಿ ಬಂದಿತೆಂದು ಹೇಳುವುದು ರಸ್ತೆಬದಿಯ ಫಲಕವೇ ಹೊರತು ನೆಲವಲ್ಲ. ಅದೇ ಕೆಂಪು ಮಣ್ಣು, ಅದೇ ಕಡಲೆಕಾಯಿ ಹೊಲ, ಅದೇ ಬಳ್ಳಾರಿ ಜಾಲಿ. ಈಗ ಆ ಜಾಲಿಯ ಮುಳ್ಳುಗಳಿಗೆ ಸಿಕ್ಕಿ ಪಟಪಟಿಸುವ ಪ್ಲಾಸ್ಟಿಕ್ ಚೀಲಗಳೂ ಎರಡೂ ಕಡೆ ಒಂದೇ ಆಗಿವೆ. ಪಾವಗಡದ ಸಂತೆಯಲ್ಲಿ ಎಸೆದದ್ದು ಕುಂದುರ್ಪಿಯ ಬೇಲಿಯಲ್ಲಿ ನೇತಾಡಿದರೆ ಆಶ್ಚರ್ಯವಿಲ್ಲ. ಗಾಳಿಗೆ ಭಾಷಾವಾರು ಪ್ರಾಂತ್ಯಗಳ ಗೊಡವೆಯಿಲ್ಲ.

ಈ ಕಸವನ್ನು ಕಾಯಿಸಿ ಡೀಸೆಲ್ಲಿನಂಥ ಎಣ್ಣೆಯನ್ನು ಇಳಿಸಬಹುದು, ಅದನ್ನು ಟ್ರ್ಯಾಕ್ಟರಿಗೂ ಜನರೇಟರಿಗೂ ತುಂಬಬಹುದು ಎಂಬ ಮಾತು ಈಗ ಹಳ್ಳಿಯ ಅರಳಿಕಟ್ಟೆಯವರೆಗೂ ಬಂದಿದೆ. ಹಳೆಯ ಪೀಪಾಯಿಯೊಂದನ್ನು ಒಲೆಯ ಮೇಲಿಟ್ಟು, ಅದರಲ್ಲಿ ಚೀಲಗಳನ್ನು ತುರುಕಿ, ಇನ್ನೊಂದು ತುದಿಯ ಕೊಳವೆಯಿಂದ ಎಣ್ಣೆ ತೊಟ್ಟಿಕ್ಕುವುದನ್ನು ತೋರಿಸುವ ಚಿತ್ರಗಳನ್ನು ನಮ್ಮ ಓದುಗರಲ್ಲಿ ಅನೇಕರು ಮೊಬೈಲಿನಲ್ಲಿ ಕಂಡಿರಬಹುದು. ಇದರಲ್ಲಿ ನಿಜವೆಷ್ಟು ಎಂದು ಕೇಳುವವರಿಗೆ, ನಿಜವೇ ಹೆಚ್ಚು ಎಂದು ನಾವು ಮೊದಲೇ ಹೇಳಿಬಿಡುತ್ತೇವೆ. ಆದರೆ ಆ ನಿಜಕ್ಕೆ ಅಂಟಿಕೊಂಡಿರುವ ಷರತ್ತುಗಳನ್ನು ಯಾವ ಚಿತ್ರವೂ ತೋರಿಸುವುದಿಲ್ಲ. ಎಂಜಿನು ಕೆಟ್ಟ ಮೇಲೂ ಅದರ ಸಾಲದ ಕಂತು ಕಟ್ಟಬೇಕಾದವರು ನಮ್ಮವರೇ ಆದ್ದರಿಂದ ಆ ಷರತ್ತುಗಳನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು.

ಡೀಸೆಲ್ ಎಂಜಿನು ಹುಟ್ಟಿನಿಂದಲೇ ಊಟದ ವಿಷಯದಲ್ಲಿ ಅಷ್ಟೇನೂ ಹಟವಿಲ್ಲದ ಯಂತ್ರ. ಅದಕ್ಕೆ ಹೆಸರು ಕೊಟ್ಟ ಜರ್ಮನ್ ಎಂಜಿನಿಯರ್ ರುಡಾಲ್ಫ್ ಡೀಸೆಲ್ 1858ರಿಂದ 1913ರವರೆಗೆ ಬಾಳಿದವನು. 1900ರಲ್ಲಿ ಪ್ಯಾರಿಸಿನಲ್ಲಿ ನಡೆದ ವಿಶ್ವ ವಸ್ತುಪ್ರದರ್ಶನದಲ್ಲಿ ಒಟ್ಟೊ ಕಂಪನಿಯವರು ಒಂದು ಸಣ್ಣ ಡೀಸೆಲ್ ಎಂಜಿನನ್ನು ಫ್ರೆಂಚ್ ಸರ್ಕಾರದ ಕೋರಿಕೆಯ ಮೇರೆಗೆ ಓಡಿಸಿ ತೋರಿಸಿದರು. ಅದಕ್ಕೆ ಹಾಕಿದ್ದು ಯಾವ ಎಣ್ಣೆ ಎಂದು ಕಲ್ಯಾಣದುರ್ಗದ ಯಾವ ರೈತನೂ ಊಹಿಸಲಾರ: ಕಡಲೆಕಾಯಿ ಎಣ್ಣೆ! ಎಂಜಿನು ಎಷ್ಟು ಸಲೀಸಾಗಿ ಓಡಿತೆಂದರೆ ಎಣ್ಣೆ ಬೇರೆಯದೆಂಬುದು ನೋಡಿದವರಲ್ಲಿ ಬಹುಮಂದಿಗೆ ತಿಳಿಯಲೇ ಇಲ್ಲವಂತೆ. ನಮ್ಮ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸರು ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರುಗಳನ್ನು ನಡೆಸಿ ತೋರಿಸಿದರು. ನಮ್ಮ ತೆಲುಗು ನೆರೆಯವರು ಕಾನುಗ ಎನ್ನುವ ಅದೇ ಹೊಂಗೆ. ಆದರೆ ಒಂದು ಎಣ್ಣೆಯಿಂದ ಎಂಜಿನು ಓಡುವುದು ಬೇರೆ, ಆ ಎಣ್ಣೆಯಿಂದ ಹತ್ತು ವರ್ಷ ಬಾಳುವುದು ಬೇರೆ. ಶುದ್ಧಿ ಮಾಡದ ಗಟ್ಟಿ ಎಣ್ಣೆಗಳು ಸಿಂಪರಣೆಯ ಸೂಜಿಬಾಯಿಗಳಲ್ಲಿ ಮಸಿ ಕಟ್ಟುವುದು ಎಂಜಿನ್ ಬಲ್ಲವರಿಗೆಲ್ಲ ತಿಳಿದ ಸಂಗತಿ. ಪ್ಲಾಸ್ಟಿಕ್ ಎಣ್ಣೆಯನ್ನೂ ಇದೇ ಒರೆಗಲ್ಲಿಗೆ ಉಜ್ಜಿ ನೋಡಬೇಕು.

ಪ್ಲಾಸ್ಟಿಕ್ಕೂ ಡೀಸೆಲ್ಲೂ ಒಂದೇ ತಾಯಿಯ ಮಕ್ಕಳು. ಎರಡೂ ಹುಟ್ಟುವುದು ಕಚ್ಚಾ ತೈಲದಿಂದ. ಹಾಲಿನ ಚೀಲದ ಪಾಲಿಥೀನನ್ನು ಒಂದು ಮಣಿಸರವೆಂದು ಭಾವಿಸೋಣ. ಒಂದೊಂದು ಇಂಗಾಲದ ಪರಮಾಣು ಒಂದೊಂದು ಮಣಿ, ಅದಕ್ಕೆ ಅಂಟಿಕೊಂಡು ಜಲಜನಕ. ಡೀಸೆಲ್ಲಿನ ಸರದಲ್ಲಿ ಸುಮಾರು ಹತ್ತರಿಂದ ಇಪ್ಪತ್ತು ಮಣಿಗಳಿದ್ದರೆ ಪಾಲಿಥೀನಿನ ಸರದಲ್ಲಿ ಸಾವಿರಾರು. ಗಾಳಿಯ ಸೋಂಕಿಲ್ಲದ ಮುಚ್ಚಿದ ಪಾತ್ರೆಯಲ್ಲಿ ಅದನ್ನು 400ರಿಂದ 500 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೆ ಉದ್ದನೆಯ ಸರ ತುಂಡುತುಂಡಾಗಿ ಹರಿದು ಆವಿಯಾಗುತ್ತದೆ. ಗಾಳಿಯಿಲ್ಲದ್ದರಿಂದ ಅದು ಉರಿಯುವುದಿಲ್ಲ. ನೀಲಗಿರಿ ಎಣ್ಣೆಯನ್ನು ಭಟ್ಟಿ ಇಳಿಸುವಂತೆ ಆ ಆವಿಯನ್ನು ತಂಪುಮಾಡಿದರೆ ಎಣ್ಣೆ. ಆದರೆ ಸರಗಳು ಎಲ್ಲವೂ ಒಂದೇ ಅಳತೆಗೆ ಹರಿಯುವುದಿಲ್ಲವಲ್ಲ! ತೀರ ಚಿಕ್ಕ ತುಂಡುಗಳು ಅನಿಲವಾಗುತ್ತವೆ; ಅದನ್ನು ಒಲೆಗೇ ತಿರುಗಿಸಿ ಉರಿಸುತ್ತಾರೆ. ಅದಕ್ಕಿಂತ ದೊಡ್ಡವು ಪೆಟ್ರೋಲಿನಂತೆ, ನಡುವಿನವು ಡೀಸೆಲ್ಲಿನಂತೆ, ಇನ್ನೂ ದೊಡ್ಡವು ಮೇಣದಂತೆ. ತಳದಲ್ಲಿ ಕರಿ ಉಳಿಯುತ್ತದೆ. ಪೀಪಾಯಿಯ ಕೊಳವೆಯಿಂದ ಬೀಳುವುದು ಈ ಎಲ್ಲದರ ಕಲಬೆರಕೆ. ಅದನ್ನು ಡೀಸೆಲ್ ಎಂದು ಕರೆಯುವುದು ಕಬ್ಬಿನ ಹಾಲನ್ನೇ ಸಕ್ಕರೆ ಎಂದಂತೆ.

ಇನ್ನು ಪ್ಲಾಸ್ಟಿಕ್ ಎಂಬುದು ಒಂದು ವಸ್ತುವಲ್ಲ, ಒಂದು ಕುಲದ ಹೆಸರು. ಹಾಲಿನ ಚೀಲ, ಹನಿ ನೀರಾವರಿಯ ಕರಿಯ ಕೊಳವೆ, ಮಲ್ಚಿಂಗ್ ಹಾಳೆ ಇವು ಪಾಲಿಥೀನು. ರಸಗೊಬ್ಬರದ ನೇಯ್ದ ಚೀಲ ಸಾಮಾನ್ಯವಾಗಿ ಪಾಲಿಪ್ರಾಪಿಲೀನು. ಎಣ್ಣೆಗೆ ಒದಗುವ ಉತ್ತಮ ಜಾತಿಗಳು ಇವೆರಡೇ. ಥರ್ಮೋಕೋಲು ಸುಲಭವಾಗಿ ಕರಗಿ ಎಣ್ಣೆಯಾಗುತ್ತದಾದರೂ ಆ ಎಣ್ಣೆ ಡೀಸೆಲ್ ಎಂಜಿನಿನಲ್ಲಿ ಬೇಗ ಹೊತ್ತಿಕೊಳ್ಳದು. ನೀರಿನ ಬಾಟಲಿಯ ಪ್ಲಾಸ್ಟಿಕ್ಕಿನಲ್ಲಿ ತೂಕದ ಮೂರನೆಯ ಒಂದು ಪಾಲು ಆಮ್ಲಜನಕ. ಕಾಯಿಸಿದರೆ ಎಣ್ಣೆಗಿಂತ ಹೆಚ್ಚಾಗಿ ಕೊಳವೆಗಳಿಗೆ ಗಟ್ಟಿಕಟ್ಟುವ ಆಮ್ಲಗಳು. ಎಲ್ಲಕ್ಕೂ ಕೇಡಿನದು ಪಿ.ವಿ.ಸಿ. ನೀರಿನ ಬಿಳಿಯ ಪೈಪು, ವಿದ್ಯುತ್ ತಂತಿಯ ಹೊದಿಕೆ, ಊರ ನಾಯಕರ ಹುಟ್ಟುಹಬ್ಬಕ್ಕೆ ಕಂಬಕಂಬಕ್ಕೂ ಕಟ್ಟುವ ಫ್ಲೆಕ್ಸ್ ಎಲ್ಲ ಈ ಗುಂಪಿನವು. ಶುದ್ಧ ಪಿ.ವಿ.ಸಿ.ಯ ತೂಕದಲ್ಲಿ 57 ಪಾಲು ಕ್ಲೋರೀನು. ಕಾಯಿಸಿದಾಗ ಅದು ಹೈಡ್ರೋಕ್ಲೋರಿಕ್ ಆಮ್ಲವಾಗಿ ಹೊರಡುತ್ತದೆ. ಪಾತ್ರೆಯನ್ನೂ ತಿನ್ನುತ್ತದೆ, ಎಣ್ಣೆಯಲ್ಲಿ ಉಳಿದರೆ ಎಂಜಿನನ್ನೂ ತಿನ್ನುತ್ತದೆ. ಒಂದು ಮೂಟೆ ಹಾಲಿನ ಚೀಲದಲ್ಲಿ ನಾಲ್ಕು ತುಂಡು ಫ್ಲೆಕ್ಸ್ ಸೇರಿದರೆ ಸಾಕು, ಮೂಟೆಯೇ ಕೆಟ್ಟಿತು.

ಎಚ್ಚರದಿಂದ ಮಾಡಿದರೆ ಕೆಲಸ ಸಾಧ್ಯವೆಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. ಡೆಹರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯಲ್ಲಿ ಗೇಲ್ ಸಂಸ್ಥೆಯ ನೆರವಿನಿಂದ ಕಟ್ಟಿದ ಘಟಕ 2019ರ ಆಗಸ್ಟಿನಲ್ಲಿ ಉದ್ಘಾಟನೆಯಾಯಿತು. ದಿನಕ್ಕೆ ಒಂದು ಟನ್ ಪ್ಲಾಸ್ಟಿಕ್ ಕಸದಿಂದ 800 ಲೀಟರು ಡೀಸೆಲ್ ತೆಗೆಯುವುದು ಅದರ ಗುರಿ. ಎಂಜಿನಿನ ಕಡೆಯ ಸಾಕ್ಷಿಯೂ ಉಂಟು. ತಮಿಳುನಾಡಿನ ಸಂಶೋಧಕರು ಒಂದೇ ಸಿಲಿಂಡರಿನ, ಗಾಳಿಯಿಂದ ತಂಪಾಗುವ ಡೀಸೆಲ್ ಎಂಜಿನಿಗೆ ಏನೂ ಮಾರ್ಪಾಡು ಮಾಡದೆ ಬರೀ ಪ್ಲಾಸ್ಟಿಕ್ ಎಣ್ಣೆಯನ್ನೇ ಹಾಕಿ ನಡೆಸಿದ ಪ್ರಯೋಗದ ವರದಿ 2009ರಲ್ಲಿ ಪ್ರಕಟವಾಯಿತು. ಇಂಧನದ ಶಾಖವನ್ನು ದುಡಿಮೆಯಾಗಿ ಮಾರ್ಪಡಿಸುವುದರಲ್ಲಿ ಅದು ಡೀಸೆಲ್ಲಿಗೆ ಸರಿಸಮನಾಯಿತು, ಹೊಗೆಯ ಮಸಿ ಶೇಕಡ 40ರಿಂದ 50ರಷ್ಟು ಕಡಮೆಯಾಯಿತು. ಆದರೆ ಕಣ್ಣಿಗೆ ಕಾಣದ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಹೆಚ್ಚಾಯಿತು. ಇವೆಲ್ಲ ಪ್ರಯೋಗಶಾಲೆಯ ಕೆಲವು ಗಂಟೆಗಳ ಮಾತು. ಒಂದು ಹಂಗಾಮಿನ ಉಳುಮೆಯ ಲೆಕ್ಕ ಅದರಿಂದ ಹುಟ್ಟುವುದಿಲ್ಲ.

ನಾವೇ ಸ್ವಲ್ಪ ಲೆಕ್ಕ ಹಾಕೋಣ. ಐದು ಅಶ್ವಶಕ್ತಿಯ ಎಂಜಿನು ಪೂರ್ತಿ ಭಾರದಲ್ಲಿ ಗಂಟೆಗೆ ಸುಮಾರು ಒಂದು ಕಾಲು ಲೀಟರು ಡೀಸೆಲ್ ಕುಡಿಯುತ್ತದೆ. ಡೆಹರಾಡೂನಿನ ಪ್ರಮಾಣದಲ್ಲಿ ಅದಕ್ಕೆ ಒಂದೂವರೆ ಕಿಲೋಗ್ರಾಂ ಪ್ಲಾಸ್ಟಿಕ್ ಬೇಕು. ಅರ್ಧ ಲೀಟರಿನ ಹಾಲಿನ ಚೀಲ ಸುಮಾರು ಎರಡೂವರೆ ಗ್ರಾಂ ತೂಗುತ್ತದೆಂದು ಇಟ್ಟುಕೊಂಡರೆ ಅದು 600 ಚೀಲ. ದಿನಕ್ಕೆ ಎರಡು ಚೀಲ ಹಾಲು ಕೊಳ್ಳುವ ಸಂಸಾರವೊಂದು ಹತ್ತು ತಿಂಗಳು ತೊಳೆದು ಒಣಗಿಸಿ ಕೂಡಿಟ್ಟದ್ದು ಎಂಜಿನಿಗೆ ಒಂದು ಗಂಟೆಯ ಊಟ! ಗೃಹಿಣಿಯರನ್ನು ಹಾಸ್ಯ ಮಾಡಲು ಈ ಲೆಕ್ಕ ಹೇಳುತ್ತಿಲ್ಲ. ಒಂದು ಮನೆಯ, ಒಂದು ಹಳ್ಳಿಯ ಕಸದಿಂದ ಎಣ್ಣೆಯ ಗಾಣ ನಡೆಯದು, ಒಂದು ಊರಿನದಾದರೂ ಸೇರಬೇಕು ಎಂಬುದಷ್ಟೇ ಅದರ ಅರ್ಥ.

ಕಲ್ಯಾಣದುರ್ಗದ ಕಡೆ ಲೆಕ್ಕ ಸ್ವಲ್ಪ ಬೇರೆ. ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಳೆ ಬೀಳುವ ಈ ಸೀಮೆಯಲ್ಲಿ ಕೊಳವೆಬಾವಿಯ ಒಂದೊಂದು ಹನಿಗೂ ಬೆಲೆಯಿದೆ. 2003ರಲ್ಲಿ ಆಂಧ್ರ ಸರ್ಕಾರದ ಸೂಕ್ಷ್ಮ ನೀರಾವರಿ ಯೋಜನೆ ಮೊದಲಾದ ಮೇಲೆ ಹನಿ ಕೊಳವೆಗಳು ಹೊಲಹೊಲಕ್ಕೂ ಬಂದವು. ನಾಲ್ಕಾರು ಅಡಿಗೊಂದು ಸಾಲಿನಂತೆ ಹಾಸಿದರೆ ಒಂದು ಎಕರೆಯ ಕೊಳವೆಯೇ ನೂರು ಕಿಲೋಗ್ರಾಮಿನ ಸುಮಾರಿಗೆ ತೂಗುತ್ತದೆ. ಬಿಸಿಲಿಗೆ ಸೀಳಿ, ಇಲಿ ಅಳಿಲು ಕಡಿದು ಅದು ಹಳತಾದಾಗ ಎಂಬತ್ತು ಲೀಟರು ಎಣ್ಣೆ ಅದರಲ್ಲಿ ಅಡಗಿದೆ ಎನ್ನಬಹುದು. ಆದರೆ ಅದನ್ನು ಎಣ್ಣೆ ಮಾಡುವವರು ಯಾರು? ಹಳೆಯ ಕೊಳವೆಯನ್ನು ಗುಜರಿಯವರು ತಾವಾಗಿ ಬಂದು ಹಣ ಕೊಟ್ಟು ಒಯ್ಯುತ್ತಾರೆ. ಅದನ್ನು ಅರೆದು ಕಾಳು ಮಾಡಿದರೆ ಮತ್ತೆ ಕೊಳವೆಯೋ ಬಕೆಟ್ಟೋ ಆಗುತ್ತದೆ. ಎಣ್ಣೆ ಒಮ್ಮೆ ಉರಿದರೆ ಮುಗಿಯಿತು. ಗುಜರಿಯವರು ಮುಟ್ಟದೆ ಬಿಡುವುದು ಟೊಮೆಟೊ, ಕಲ್ಲಂಗಡಿ ಸಾಲುಗಳ ಹರಿದ ಮಲ್ಚಿಂಗ್ ಹಾಳೆಯನ್ನು. ತೆಳ್ಳನೆಯ ಹಾಳೆ, ಅದಕ್ಕೆ ತನ್ನ ತೂಕದಷ್ಟೇ ಮಣ್ಣು ಅಂಟಿರುತ್ತದೆ. ಬದುವಿಗೆ ಎಳೆದುಹಾಕಿ ಬೆಂಕಿ ಇಡುವುದೇ ವಾಡಿಕೆಯಾಗಿಬಿಟ್ಟಿದೆ.

ಇಡೀ ವಿಷಯದ ಗಂಟು ಇಲ್ಲಿರುವುದು. ಒಳ್ಳೆಯ ಎಣ್ಣೆ ಕೊಡುವ ಶುಚಿಯಾದ ಪ್ಲಾಸ್ಟಿಕ್ಕಿಗೆ ಎಣ್ಣೆಗಿಂತ ಒಳ್ಳೆಯ ಉಪಯೋಗ ಬೇರೆ ಇದೆ. ಬೇರೆ ಗತಿಯಿಲ್ಲದ ಕೊಳಕು ಪ್ಲಾಸ್ಟಿಕ್ಕು ಒಳ್ಳೆಯ ಎಣ್ಣೆ ಕೊಡುವುದಿಲ್ಲ. ಕಡಮೆ ಬೆಲೆಗೆ ಎಣ್ಣೆ ಮಾರುವೆನೆಂದು ಬರುವವನು ಯಾವುದನ್ನು ಕಾಯಿಸಿರುತ್ತಾನೆ ಎಂಬುದನ್ನು ಓದುಗರೇ ಊಹಿಸಬಹುದು. ಹಳೆಯ ಟಯರುಗಳನ್ನು ಕಾಯಿಸಿ ತೆಗೆಯುವ ಕಪ್ಪು ಎಣ್ಣೆ ಕುಲುಮೆಗೆ ಉರುವಲಾಗಬಹುದಾದ ವಸ್ತು; ಟಯರಿಗೆ ಸೇರಿಸಿದ ಗಂಧಕ ಅದರಲ್ಲೂ ಇಳಿದಿರುತ್ತದೆ. 2020ರ ಏಪ್ರಿಲ್ 1ರಿಂದ ನಮ್ಮ ದೇಶದ ಪಂಪುಗಳಲ್ಲಿ ಮಾರುವ ಡೀಸೆಲ್ಲಿನಲ್ಲಿ ಗಂಧಕ ಕಿಲೋಗ್ರಾಮಿಗೆ 10 ಮಿಲಿಗ್ರಾಂ ಮೀರುವಂತಿಲ್ಲ. ಹೊಸ ಲಾರಿಗಳ ಎಂಜಿನುಗಳೂ ಹೊಗೆ ಶೋಧಿಸುವ ಸಾಧನಗಳೂ ಆ ಶುದ್ಧಿಯನ್ನು ನಂಬಿಯೇ ರಚಿತವಾದವು. ಹಳೆಯ ಪಂಪುಸೆಟ್ಟಿನ ಎಂಜಿನು ಕಲಬೆರಕೆಯನ್ನು ಒಂದಷ್ಟು ಕಾಲ ತಡೆದೀತು. 2004ರಲ್ಲಿ ಆಂಧ್ರದಲ್ಲಿ ಕೃಷಿಗೆ ಉಚಿತ ವಿದ್ಯುತ್ತು ಬಂದ ಮೇಲೆ ಅಂಥ ಎಂಜಿನುಗಳು ಹೆಚ್ಚಾಗಿ ಕೊಟ್ಟಿಗೆ ಸೇರಿವೆ. ಈಗ ಡೀಸೆಲ್ ಕುಡಿಯುವವು ಟ್ರ್ಯಾಕ್ಟರು, ಲಾರಿ, ಕೊಳವೆಬಾವಿ ಕೊರೆಯುವ ಯಂತ್ರಗಳು. ಹೊಸ ಮಾದರಿಯವುಗಳಲ್ಲಿ ಕೂದಲೆಳೆಯಂಥ ರಂಧ್ರಗಳಿಂದ ಸಾವಿರಕ್ಕೂ ಮಿಕ್ಕ ವಾಯುಭಾರದ ಒತ್ತಡದಲ್ಲಿ ಇಂಧನ ಚಿಮ್ಮುತ್ತದೆ. ಆ ರಂಧ್ರಕ್ಕೆ ಒಂದು ಕಣ ಮೇಣ ಸಾಕು.

ಮನೆಯ ಹಿತ್ತಿಲಲ್ಲಿ ಪೀಪಾಯಿ ಕಾಯಿಸುವ ಸಾಹಸವನ್ನಂತೂ ಯಾರೂ ಮಾಡಬಾರದು. ಹೊರಬರುವ ಆವಿ ಪೆಟ್ರೋಲಿನ ಆವಿಯಂತೆಯೇ. ಕೊಳವೆಯಲ್ಲಿ ಮೇಣ ಕಟ್ಟಿ ದಾರಿ ಮುಚ್ಚಿತೆಂದರೆ ಪೀಪಾಯಿ ಬಾಂಬಾಗುತ್ತದೆ, ಕೆಳಗೆ ಒಲೆ ಉರಿಯುತ್ತಲೇ ಇರುತ್ತದೆ.

ಹಾಗಾದರೆ ಜಾಲಿಯ ಮೇಲಿನ ಚೀಲಗಳಿಗೆ ದಾರಿ ಯಾವುದು? 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, ಮತ್ತೆ ಬಳಸಲು ಬಾರದ ಪ್ಲಾಸ್ಟಿಕ್ಕನ್ನು ರಸ್ತೆಗೆ, ಶಕ್ತಿಗೆ, ಎಣ್ಣೆಗೆ ತಿರುಗಿಸುವುದನ್ನು ಪ್ರೋತ್ಸಾಹಿಸಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ಹೇಳುತ್ತವೆ. ಬೆಂಗಳೂರಿನಲ್ಲಿ 2002ರ ಸುಮಾರಿನಿಂದಲೇ ಚೂರು ಮಾಡಿದ ಪ್ಲಾಸ್ಟಿಕ್ಕನ್ನು ಡಾಂಬರಿಗೆ ಬೆರೆಸಿ ರಸ್ತೆ ಹಾಸಿದ್ದಾರೆ. ಸಿಮೆಂಟಿನ ಗೂಡುಗಳು 1,400 ಡಿಗ್ರಿಗೂ ಮೀರಿದ ಶಾಖದಲ್ಲಿ ಇಂಥ ಕಸವನ್ನು ಕಲ್ಲಿದ್ದಲಿನ ಜೊತೆ ಉರಿಸಬಲ್ಲವು, ಅನಂತಪುರ ಜಿಲ್ಲೆಯಲ್ಲಿ ತಾಡಿಪತ್ರಿಯ ಸಿಮೆಂಟು ಪ್ರಸಿದ್ಧವೇ ಇದೆ. ಹಿಂದೂಪುರದಷ್ಟು ದೊಡ್ಡ ಪಟ್ಟಣದ ಕಸ ವಿಂಗಡಿಸಿ ಸಿಕ್ಕಿದರೆ ಎಣ್ಣೆಯ ಘಟಕವೊಂದರ ವಿಚಾರವನ್ನೂ ಮಾಡಬಹುದು, ಅದರಿಂದ ಬರುವ ಎಣ್ಣೆ ಮೊದಲು ಬಾಯ್ಲರಿಗೋ ಕುಲುಮೆಗೋ ಹೋಗಲಿ ಎಂಬುದು ನಮ್ಮ ಅಭಿಪ್ರಾಯ. ವಾಹನಕ್ಕೆ ಹೋಗಬೇಕಾದರೆ ಅದನ್ನು ಭಟ್ಟಿಯಲ್ಲಿ ಬೇರ್ಪಡಿಸಿ, ಶುದ್ಧಿಮಾಡಿ, ಭಾರತೀಯ ಮಾನಕ 1460ರ ಪ್ರಕಾರ ಪರೀಕ್ಷಿಸಿರಬೇಕು.

ಮನೆಯಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಹಾಲಿನ ಚೀಲವನ್ನು ತುದಿ ತುಂಡರಿಸಿ ಎಸೆಯದೆ, ಒಂದೇ ಕಡೆ ಸೀಳಿ ತೊಳೆದು ಒಣಗಿಸುವುದು, ಬೆಳ್ಳಿಯ ಬಣ್ಣದ ತಿಂಡಿ ಪೊಟ್ಟಣಗಳನ್ನು ಅದರ ಜೊತೆ ಬೆರೆಸದಿರುವುದು, ಪಿ.ವಿ.ಸಿ. ಪೈಪಿನ ತುಂಡು, ತಂತಿಯ ಸಿಪ್ಪೆಗಳನ್ನು ಒಲೆಗಾಗಲಿ ಬದುವಿನ ಬೆಂಕಿಗಾಗಲಿ ಹಾಕದಿರುವುದು. ಮಲ್ಚಿಂಗ್ ಹಾಳೆಯನ್ನು ಬೆಳೆ ಮುಗಿದ ಕೂಡಲೇ, ಬಿಸಿಲಿಗೆ ಪುಡಿಯಾಗುವ ಮುನ್ನ, ಮಣ್ಣು ಒಣಗಿರುವಾಗ ಎತ್ತಿ ಕೊಡವಿದರೆ ಅರ್ಧ ಭಾರ ಹೊಲದಲ್ಲೇ ಉಳಿಯುತ್ತದೆ. ಗುಜರಿಯವರು ಆಗಲೂ ಬೇಡವೆಂದರೆ ಸುತ್ತಿ ಕಟ್ಟಿ ಪಂಚಾಯಿತಿಯ ಶೆಡ್ಡಿಗೆ ಮುಟ್ಟಿಸಬಹುದು.

ಇಷ್ಟಾಗಿಯೂ ಯಾರಾದರೂ ಅಗ್ಗದ ಪ್ಲಾಸ್ಟಿಕ್ ಡೀಸೆಲ್ ತಂದು ಬಾಗಿಲಿಗೆ ನಿಂತರೆ, ಮೊದಲು ಪರೀಕ್ಷಾ ಪತ್ರ ಕೇಳಿ. ಅದಿಲ್ಲವೆಂದರೆ ಒಂದು ಸೀಸೆಯಷ್ಟು ಎಣ್ಣೆ ಮಾತ್ರ ಪಡೆದು ಬಿಳಿಯ ಗಾಜಿನಲ್ಲಿ ಬಿಗಿಯಾಗಿ ಮುಚ್ಚಿ, ಒಲೆ ದೀಪಗಳಿಂದ ದೂರ, ನೆರಳಿನಲ್ಲಿ ಒಂದು ತಿಂಗಳು ಇಡಿ. ಶುದ್ಧಿಮಾಡದ ಪ್ಲಾಸ್ಟಿಕ್ ಎಣ್ಣೆ ದಿನ ಕಳೆದಂತೆ ಕಪ್ಪಾಗಿ ತಳದಲ್ಲಿ ಅಂಟು ಕಟ್ಟುತ್ತದೆ. ಚಳಿಗಾಲದ ಬೆಳಗಿನಲ್ಲಿ ನೋಡಿದರೆ ಮೇಣದ ಎಳೆಗಳು ತೇಲುವುದೂ ಉಂಟು. ಸೀಸೆ ತಿಳಿಯಾಗಿಯೇ ಉಳಿದ ಮಾತ್ರಕ್ಕೆ ಎಣ್ಣೆ ಒಳ್ಳೆಯದೆಂದು ಹೇಳಲಾಗದು. ಗಂಧಕವೂ ಆಮ್ಲವೂ ಕಣ್ಣಿಗೆ ಕಾಣುವುದಿಲ್ಲ. ಅಂಟು ಕಟ್ಟಿತೆಂದರೆ ಮಾತ್ರ ಅದನ್ನು ಟ್ರ್ಯಾಕ್ಟರಿನ ಟ್ಯಾಂಕಿನ ಹತ್ತಿರವೂ ಒಯ್ಯಬೇಡಿ.